ಮೋಟಾರುಗಾಡಿಯು ಎಚ್ಚರಗೊಳ್ಳುವ ಬಗೆ

ಕಳೆದ ಚಳಿಗಾಲದಲ್ಲಿ ಒಂದು ದಿನ ಬೆಳಗಿನ ಜಾವ ನಮ್ಮ ನೆರೆಮನೆಯ ವೃದ್ಧರೊಬ್ಬರಿಗೆ ಎದೆನೋವು ಕಾಣಿಸಿಕೊಂಡಿತು. ಅವರನ್ನು ಕಾರಿನಲ್ಲಿ ಕುಳ್ಳಿರಿಸಿ ಮಗನು ಕೀಲಿಯನ್ನು ತಿರುಗಿಸಿದನು. ಟಿಕಟಿಕನೆ ಸದ್ದಾಯಿತೇ ಹೊರತು ಎಂಜಿನು ಅಲುಗಲಿಲ್ಲ. ಕೊನೆಗೆ ನಮ್ಮ ಗಾಡಿಯಲ್ಲಿಯೇ ಅವರನ್ನು ಆಸ್ಪತ್ರೆಗೆ ಸೇರಿಸಿದೆವು. ಸಕಾಲದಲ್ಲಿ ಚಿಕಿತ್ಸೆ ದೊರೆತುದರಿಂದ ಬದುಕಿಕೊಂಡರು. “ಆ ಸದ್ದು ಹದಿನೈದು ದಿನಗಳಿಂದ ಆಗಾಗ ಕೇಳಿಬರುತ್ತಿತ್ತು, ಅದೇನೆಂದು ನಮಗೆ ತಿಳಿಯಲಿಲ್ಲ” ಎಂದು ಆ ಮನೆಯಾಕೆಯು ತರುವಾಯ ಹೇಳಿದರು. ಆ ಸದ್ದಿನ ಅರ್ಥವನ್ನು ಪ್ರತಿಯೊಂದು ಮನೆಯವರೂ ಅರಿತಿರುವುದು ಒಳ್ಳೆಯದೆಂದು ನಮಗೆ ತೋರಿದುದರಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತೇವೆ.

ಎಂಜಿನು ತಾನಾಗಿಯೇ ಏಕೆ ಹೊರಡಲಾರದು? ಅದರ ಸಿಲಿಂಡರಿನಲ್ಲಿ ಕೆಲಸವು ನಾಲ್ಕು ಹೆಜ್ಜೆಗಳಲ್ಲಿ ನಡೆಯುತ್ತದೆ: ಗಾಳಿ ಪೆಟ್ರೋಲುಗಳ ಮಿಶ್ರಣವನ್ನು ಒಳಗೆಳೆಯುವುದು, ಅದನ್ನು ಅದುಮುವುದು, ಕಿಡಿಯಿಂದ ಹೊತ್ತಿಸುವುದು, ಹೊಗೆಯನ್ನು ಹೊರದೂಡುವುದು. ಇವುಗಳಲ್ಲಿ ಬಲವನ್ನು ಕೊಡುವುದು ಮೂರನೆಯದೊಂದೇ. ಉಳಿದ ಮೂರೂ ಬಲವನ್ನು ಬೇಡುವಂಥವು. ಓಡುತ್ತಿರುವ ಎಂಜಿನು ಹಿಂದಿನ ಸುತ್ತಿನ ಬಲದಿಂದ ಮುಂದಿನ ಸುತ್ತನ್ನು ನಡೆಯಿಸಿಕೊಳ್ಳುತ್ತದೆ. ನಿಂತಿರುವ ಎಂಜಿನಿಗೆ ಹಿಂದಿನ ಸುತ್ತೆಂಬುದೇ ಇಲ್ಲ. ನಿನ್ನೆಯ ಮೊಸರಿನ ಹೆಪ್ಪಿಲ್ಲದೆ ಇಂದಿನ ಹಾಲು ಮೊಸರಾಗದಂತೆ, ಮೊದಲ ಕೆಲವು ಸುತ್ತುಗಳನ್ನು ಹೊರಗಿನಿಂದ ಯಾರಾದರೂ ಕೊಡಲೇಬೇಕು.

ಮೊದಮೊದಲು ಇದನ್ನು ಮನುಷ್ಯನ ತೋಳೇ ಮಾಡುತ್ತಿತ್ತು. ಗಾಡಿಯ ಮುಂದೆ ನಿಂತು ಹ್ಯಾಂಡಲ್ ಹೊಡೆಯುವ ದೃಶ್ಯವು ಹಿರಿಯರಿಗೆ ನೆನಪಿರಬಹುದು. ಕಿಡಿಯು ಹೊತ್ತಿಗೆ ಮುಂಚೆ ಹಾರಿತೆಂದರೆ ಹ್ಯಾಂಡಲು ಹಿಂದಕ್ಕೆ ಒದೆಯುತ್ತಿತ್ತು, ಮಣಿಕಟ್ಟು ಮುರಿಯುತ್ತಿತ್ತು. ಆದಕಾರಣವೇ ಹೆಬ್ಬೆರಳನ್ನು ಸುತ್ತಿ ಹಿಡಿಯದೆ ಉಳಿದ ಬೆರಳುಗಳ ಪಕ್ಕದಲ್ಲಿಯೇ ಇಡಬೇಕೆಂದು ಬಲ್ಲವರು ಕಲಿಸುತ್ತಿದ್ದರು. ಅಮೆರಿಕದ ಓಹಾಯೋ ಸಂಸ್ಥಾನದ ಡೇಟನ್ ನಗರದಲ್ಲಿದ್ದ ಚಾರ್ಲ್ಸ್ ಕೆಟರಿಂಗ್ ಎಂಬಾತನು ಈ ಕಷ್ಟಕ್ಕೆ ಪರಿಹಾರವನ್ನು ಕಂಡುಹಿಡಿದನು. ಆತನು ಹಿಂದೆ ಅಂಗಡಿಗಳ ಹಣದ ಯಂತ್ರಕ್ಕೆ ವಿದ್ಯುತ್ ಮೋಟಾರನ್ನು ಅಳವಡಿಸಿದ್ದವನು. ಕ್ಷಣಕಾಲ ಮಾತ್ರ ದುಡಿಯುವ ಮೋಟಾರು ಚಿಕ್ಕದಾಗಿದ್ದರೂ ದೊಡ್ಡ ಭಾರವನ್ನು ತಳ್ಳಬಲ್ಲುದೆಂಬುದು ಆತನಿಗೆ ಅಲ್ಲಿಯೇ ಮನವರಿಕೆಯಾಗಿತ್ತು. 1912ರ ಕ್ಯಾಡಿಲಾಕ್ ಗಾಡಿಗಳು ಆತನ ಸಾಧನದೊಡನೆಯೇ ಮಾರಾಟಕ್ಕೆ ಬಂದವು. ತೋಳ್ಬಲವಿಲ್ಲದವರೂ ಅಂದಿನಿಂದ ಗಾಡಿಯನ್ನು ಹೊರಡಿಸುವಂತಾಯಿತು.

ನಮ್ಮವರು ‘ಸೆಲ್ಫ್’ ಎಂದು ಕರೆಯುವುದು ಈ ಮೋಟಾರನ್ನೇ. ಕೀಲಿಯನ್ನು ತಿರುಗಿಸಿದಾಗ ಬ್ಯಾಟರಿಯಿಂದ ಸ್ವಲ್ಪ ವಿದ್ಯುತ್ತು ಮಾತ್ರ ಸೊಲೆನಾಯ್ಡ್ ಎಂಬ ತಂತಿಯ ಸುರುಳಿಗೆ ಹರಿಯುತ್ತದೆ. ಸುರುಳಿಯು ಅಯಸ್ಕಾಂತವಾಗಿ ತನ್ನೊಳಗಿನ ಕಬ್ಬಿಣದ ದಿಂಡನ್ನು ಸೆಳೆದುಕೊಳ್ಳುತ್ತದೆ. ಆ ದಿಂಡು ಎರಡು ಕೆಲಸಗಳನ್ನು ಮಾಡುತ್ತದೆ. ಒಂದು, ಸುಮಾರು 10 ಹಲ್ಲುಗಳ ಪುಟ್ಟ ಚಕ್ರವನ್ನು ಮುಂದೂಡಿ, ಎಂಜಿನಿನ ಫ್ಲೈವೀಲಿನ ಅಂಚಿನಲ್ಲಿರುವ 100ಕ್ಕೂ ಮಿಕ್ಕ ಹಲ್ಲುಗಳಿಗೆ ಸೇರಿಸುವುದು. ಇನ್ನೊಂದು, ದಪ್ಪ ತಾಮ್ರದ ತುದಿಗಳನ್ನು ಕೂಡಿಸಿ ಮೋಟಾರಿಗೆ ಹೆದ್ದಾರಿಯನ್ನು ತೆರೆಯುವುದು. ಆಗ ಹರಿಯುವ ವಿದ್ಯುತ್ತು 100 ಆಂಪೇರಿಗೂ ಮೀರುತ್ತದೆ. ಗಾಡಿಯ ಮುಂದಣ ಎರಡು ಹ್ಯಾಲೊಜೆನ್ ದೀಪಗಳಿಗೆ ಬೇಕಾಗುವುದಾದರೋ ಸುಮಾರು 10 ಆಂಪೇರು. ಎಂಜಿನು ನಿಮಿಷಕ್ಕೆ ಸುಮಾರು 200 ಸುತ್ತು ತಿರುಗಿ ಹೊತ್ತಿಕೊಳ್ಳುತ್ತದೆ. ಕೀಲಿಯನ್ನು ಬಿಟ್ಟೊಡನೆ ಸ್ಪ್ರಿಂಗು ಪುಟ್ಟ ಚಕ್ರವನ್ನು ಹಿಂದಕ್ಕೆಳೆಯುತ್ತದೆ. ಕೀಲಿಗೆ ಬದಲು ಗುಂಡಿಯನ್ನೊತ್ತುವ ಬಹುಪಾಲು ಪೆಟ್ರೋಲು ಗಾಡಿಗಳಲ್ಲಿಯೂ ನಡೆಯುವುದು ಇದೇ.

ಇನ್ನು ಆ ಟಿಕಟಿಕ ಸದ್ದು. ಬ್ಯಾಟರಿಯು ಸೊರಗಿದ್ದರೂ ಸೊಲೆನಾಯ್ಡನ್ನು ಎಳೆಯುವಷ್ಟು ಶಕ್ತಿ ಅದರಲ್ಲಿ ಉಳಿದಿರುತ್ತದೆ. ಹೆದ್ದಾರಿಯು ತೆರೆದೊಡನೆ ಭಾರವನ್ನು ತಾಳಲಾರದೆ ಅದು ಕುಸಿಯುತ್ತದೆ, ದಿಂಡು ಕಳಚಿಕೊಳ್ಳುತ್ತದೆ. ಭಾರವಿಳಿದುದರಿಂದ ಬ್ಯಾಟರಿಯು ಚೇತರಿಸಿಕೊಂಡು ಮತ್ತೆ ಎಳೆಯುತ್ತದೆ, ಮತ್ತೆ ಕುಸಿಯುತ್ತದೆ. ಹೀಗೆ ಬಡಿಯುವ ದಿಂಡಿನ ಸದ್ದೇ ಅದು. ಬ್ಯಾಟರಿಯ ತುದಿಗಳು ಸಡಿಲವಾಗಿದ್ದರೂ, ಅವುಗಳ ಮೇಲೆ ಬಿಳಿಯ ಅಥವಾ ಹಸುರು ಕಿಲುಬು ಕಟ್ಟಿದ್ದರೂ ಹೀಗೆಯೇ ಆಗಬಹುದು. ಒಂದೇ ಒಂದು ಗಟ್ಟಿ ಸದ್ದಾಗಿ ಸುಮ್ಮನಾದರೆ ದೋಷವು ತಾಮ್ರದ ತುದಿಗಳಲ್ಲೋ ಮೋಟಾರಿನಲ್ಲೋ ಇರುವ ಸಂಭವವುಂಟು.

ಮನೆಯವರು ಗಮನಿಸಬೇಕಾದ ಕೆಲವು ಸಂಗತಿಗಳಿವೆ. ಗೇರು ನ್ಯೂಟ್ರಲಿನಲ್ಲಿದೆಯೆಂದು ನೋಡದೆ ಕೀಲಿಯನ್ನು ತಿರುಗಿಸಬಾರದು. ಮಕ್ಕಳ ಕೈಗೆ ಕೀಲಿಯನ್ನು ಕೊಡಲೇಬಾರದು. ಒಂದು ಸಲಕ್ಕೆ 10 ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯದೆ, ನಡುವೆ ಮೋಟಾರು ಆರಲು ಬಿಡಬೇಕು. ಬ್ಯಾಟರಿಯಿಂದ ಹೊತ್ತಿಕೊಳ್ಳುವ ಜಲಜನಕ ಅನಿಲವು ಹೊರಡುವುದುಂಟಾದುದರಿಂದ ಅದರ ಬಳಿ ಬೆಂಕಿಕಡ್ಡಿಯನ್ನು ಗೀರಬಾರದು. ಮುಚ್ಚಿದ ಕೊಟ್ಟಡಿಯಲ್ಲಿ ಎಂಜಿನನ್ನು ಓಡಿಸಿದರೆ ಅದರ ಹೊಗೆಯಲ್ಲಿನ ವಾಸನೆಯಿಲ್ಲದ ವಿಷವು ಪ್ರಾಣವನ್ನೇ ತೆಗೆಯಬಹುದು.

ಮನೆಯಲ್ಲಿ ಕಾಯಿಲೆಯವರೋ ಬಸುರಿಯರೋ ಇದ್ದಲ್ಲಿ ಗಾಡಿಯು ಮೆಲ್ಲಗೆ ಎಚ್ಚರಗೊಳ್ಳತೊಡಗಿದ ಮೊದಲ ದಿನವೇ ಬ್ಯಾಟರಿಯನ್ನು ಪರೀಕ್ಷೆ ಮಾಡಿಸಿರಿ. ನಮ್ಮ ನೆರೆಮನೆಯ ಗಾಡಿಯು ಹದಿನೈದು ದಿನ ಮುಂಚಿತವಾಗಿಯೇ ಎಚ್ಚರಿಕೆಯನ್ನು ಕೊಟ್ಟಿತ್ತು. ಕೇಳಿಸಿಕೊಂಡವರಿಗೆ ಅದರ ಭಾಷೆ ತಿಳಿದಿರಲಿಲ್ಲ, ಅಷ್ಟೆ.