ಪತ್ತು ಇಲ್ಲದವರ ವ್ಯಾಪಾರ

‘ಪತ್ತು’ ಎಂಬುದು ನಮ್ಮ ಭಾಷೆಯ ಒಂದು ಚಿಕ್ಕ ಮಾತು. ಅಂಗಡಿಯವನು ಸಾಮಾನನ್ನು ಸಾಲವಾಗಿ ಕೊಡುವುದೂ ಪತ್ತೇ. ಹಾಗೆ ಕೊಡಲು ಅವನಿಗಿರುವ ನಂಬಿಕೆಯೂ ಪತ್ತೇ. ಹಣವೂ ನಂಬಿಕೆಯೂ ಒಂದೇ ಪದದಲ್ಲಿ ಕೂಡಿಕೊಂಡಿರುವುದನ್ನು ನಾನು ತರಗತಿಯಲ್ಲಿ ವಿದ್ಯಾರ್ಥಿಗಳ ಗಮನಕ್ಕೆ ತರುವುದುಂಟು. ಅಮೆರಿಕದ ಕಪ್ಪು ಜನರ ವ್ಯಾಪಾರದ ಇತಿಹಾಸವನ್ನು ಓದುವಾಗ ಮತ್ತೆ ಮತ್ತೆ ನೆನಪಿಗೆ ಬಂದದ್ದು ಈ ಪದವೇ. ಆ ಜನರಲ್ಲಿ ಕುಶಲತೆಗೆ ಕೊರತೆಯಿರಲಿಲ್ಲ. ದುಡಿಮೆಗಂತೂ ಇರಲೇ ಇಲ್ಲ. ಅವರಿಗೆ ದೊರೆಯದಿದ್ದುದು ಪತ್ತು.

ಗುಲಾಮಗಿರಿಯಿಂದ ಬಿಡುಗಡೆ ಹೊಂದಿದವರ ಉಳಿತಾಯಕ್ಕೆಂದು 1865ರಲ್ಲಿ ಅಲ್ಲಿಯ ಶಾಸನಸಭೆಯು ‘ಫ್ರೀಡ್‌ಮನ್ಸ್ ಬ್ಯಾಂಕ್’ ಸ್ಥಾಪಿಸಲು ಸನದು ನೀಡಿತು. ಸ್ವತಂತ್ರರಾಗಿ ಗಳಿಸಿದ ಕೂಲಿಯನ್ನು ಜನರು ನಂಬಿ ಅಲ್ಲಿಟ್ಟರು. ಆಡಳಿತ ನಡೆಸುತ್ತಿದ್ದ ಬಿಳಿಯರು ಅದನ್ನು ಭದ್ರತೆಯಿಲ್ಲದ ಸಾಲಗಳಲ್ಲಿ ತೊಡಗಿಸಿದರು. 1873ರ ಆರ್ಥಿಕ ಮುಗ್ಗಟ್ಟು ಬಂದೆರಗಿತು. ಮರುವರ್ಷ ಬ್ಯಾಂಕು ಮುಚ್ಚಿತು. 61,000ಕ್ಕೂ ಹೆಚ್ಚು ಠೇವಣಿದಾರರ ಸುಮಾರು 30 ಲಕ್ಷ ಡಾಲರು ಅದರಲ್ಲಿ ಸಿಲುಕಿತು. ಹಣದೊಡನೆ ನಂಬಿಕೆಯೂ ಮುಳುಗಿತೆಂದು ಬೇರೆ ಹೇಳಬೇಕಾಗಿಲ್ಲ.

ಮುರಿದ ಆ ನಂಬಿಕೆಯನ್ನು ಮತ್ತೆ ಕಟ್ಟಲು ಹೊರಟವರಲ್ಲಿ ರಿಚ್ಮಂಡ್ ನಗರದ ಮ್ಯಾಗಿ ವಾಕರ್ ಸ್ಮರಣೀಯಳು. ಆಕೆಯ ತಾಯಿ ಗುಲಾಮಳಾಗಿದ್ದವಳು. ಆಮೇಲೆ ಊರವರ ಬಟ್ಟೆ ಒಗೆದು ಸಂಸಾರ ಸಾಗಿಸಿದವಳು. 1903ರಲ್ಲಿ ಮ್ಯಾಗಿ ತೆರೆದ ಬ್ಯಾಂಕಿನ ಹೆಸರಿನಲ್ಲಿಯೇ ‘ಪೆನ್ನಿ’ ಎಂಬ ಪದವಿತ್ತು. ಮೊದಲ ದಿನ ಒಬ್ಬರು ಬರಿಯ 31 ಸೆಂಟುಗಳಿಂದ ಖಾತೆ ತೆರೆದರಂತೆ. ಆ ಚಿಲ್ಲರೆಯೇ ಕೂಡಿ ಬೆಳೆದು, ಎಷ್ಟೋ ಕುಟುಂಬಗಳ ಸ್ವಂತ ಮನೆಗೆ ಸಾಲವಾಯಿತು. ಆದರೆ 1905ರಲ್ಲಿ ಆಕೆಯ ಸಂಘವು ಒಂದು ದೊಡ್ಡ ಅಂಗಡಿಯನ್ನು ತೆರೆದಾಗ, ಇವರಿಗೆ ಸರಕು ಕೊಡಬಾರದೆಂದು ಬಿಳಿಯ ವರ್ತಕರು ಸಗಟು ವ್ಯಾಪಾರಿಗಳ ಮೇಲೆ ಒತ್ತಡ ಹೇರಿದರು. ಕೆಲವೇ ವರ್ಷಗಳಲ್ಲಿ ಆ ಅಂಗಡಿ ಮುಚ್ಚಿಹೋಯಿತು. ತಮ್ಮೊಳಗೆ ನಂಬಿಕೆಯನ್ನು ಕಟ್ಟಿಕೊಳ್ಳಬಹುದು. ಸಗಟು ಪೇಟೆಯ ಬೀಗದಕೈ ಮಾತ್ರ ಬೇರೆಯವರ ಸೊಂಟದಲ್ಲಿತ್ತು.

ಹಾಗಾದರೆ ಅವಕಾಶವೇ ಇರಲಿಲ್ಲವೆ? ಇತ್ತು, ತಿರಸ್ಕಾರದ ಒಡಲಲ್ಲಿಯೇ ಇತ್ತು. ಬಿಳಿಯರು ಕಣ್ಣೆತ್ತಿ ನೋಡದ ಗಿರಾಕಿಗಳೇ ಕಪ್ಪು ವ್ಯಾಪಾರಿಗೆ ದಕ್ಕಿದ ಪೇಟೆ. ಷಿಕಾಗೋದ ಜಾನ್ ಜಾನ್ಸನ್ 1942ರಲ್ಲಿ ಪತ್ರಿಕೆಯೊಂದನ್ನು ತೆಗೆಯಲು ಬಯಸಿದಾಗ, ತಾಯಿಯ ಮನೆಯ ಪೀಠೋಪಕರಣಗಳನ್ನು ಒತ್ತೆಯಿಟ್ಟು 500 ಡಾಲರು ಸಾಲ ತರಬೇಕಾಯಿತು. ಅದರಿಂದ ‘ನೀಗ್ರೋ ಡೈಜೆಸ್ಟ್’ ಹುಟ್ಟಿತು; 1945ರಲ್ಲಿ ‘ಎಬನಿ’ ಬಂದಿತು. ತಮ್ಮ ಮುಖವನ್ನು ಗೌರವದಿಂದ ಅಚ್ಚಿಸಿದ ಪತ್ರಿಕೆಯನ್ನು ಆ ಜನರು ಕೈಬಿಡಲಿಲ್ಲ. ಆ ಸಾಹಸಕ್ಕೆ ಮೊದಲು ಪತ್ತು ಕೊಟ್ಟವಳು ತಾಯಿ ಎಂಬುದನ್ನು ಮರೆಯಲಾಗದು.

ಸಾಲ ಕೊಡುವಲ್ಲಿ ವರ್ಣಭೇದ ಸಲ್ಲದೆಂದು 1976ರಲ್ಲಿ ಕಾನೂನಾಯಿತು. ಆದರೂ ಹಾದಿ ಸುಗಮವಾಗಿಲ್ಲ. ಅಟ್ಲಾಂಟಾದ ‘ಫಿಯರ್‌ಲೆಸ್ ಫಂಡ್’ ಕಪ್ಪು ಮಹಿಳೆಯರ ಉದ್ಯಮಗಳಿಗೆ 20,000 ಡಾಲರುಗಳ ಸಹಾಯಧನ ನೀಡುತ್ತಿತ್ತು. 2023ರಲ್ಲಿ ಅದರ ಮೇಲೆ ದಾವೆ ಹೂಡಲಾಯಿತು. 2024ರಲ್ಲಿ ರಾಜಿಯಾಗಿ ಆ ಯೋಜನೆಯು ಕೊನೆಗೊಂಡಿತು. ದಾವೆಗೆ ಆಧಾರವಾದುದು 1866ರ ಕಾಯಿದೆ. ಬಿಡುಗಡೆ ಹೊಂದಿದ ಗುಲಾಮರಿಗೆ ಕರಾರು ಮಾಡಿಕೊಳ್ಳುವ ಹಕ್ಕು ದೊರೆಯಲೆಂದು ಮಾಡಿದ ಕಾಯಿದೆ ಅದು! ನ್ಯಾಯದ ಅಕ್ಷರವು ಅದರ ಆಶಯಕ್ಕೇ ತಿರುಗಿ ಬಿದ್ದಿತೆಂದು ನನಗೆ ತೋರುತ್ತದೆ. ಎಲ್ಲರನ್ನೂ ಒಂದೇ ಗೆರೆಯ ಮೇಲೆ ನಿಲ್ಲಿಸಬೇಕೆಂಬ ವಾದವು ಕೇಳಲು ಚೆನ್ನ; ಕೆಲವರು ಆ ಗೆರೆಯ ಬಳಿಗೆ ಬರುವುದಕ್ಕೇ ನೂರು ವರ್ಷ ತಡೆಯಾಯಿತೆಂಬುದನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಸ್ವಾವಲಂಬನೆಯನ್ನು ಬಡವರಿಗೆ ಉಪದೇಶಿಸುವುದು ಸುಲಭ. ಮೂವತ್ತೊಂದು ಸೆಂಟುಗಳಿಂದ ಖಾತೆ ತೆರೆದವರಿಗೆ ಆ ಉಪದೇಶ ಬೇಕಾಗಿರಲಿಲ್ಲ. ತಮ್ಮ ಪಾಲಿನ ನಂಬಿಕೆಯನ್ನು ಅವರು ತೋರಿಸಿದರು. ತೋರಿಸಬೇಕಾದವರು ಇನ್ನುಳಿದವರು.