ಕೆರೆಗಳಿಗೆ ಜಾಲಿಯ ಕಾಟ

ಚಾಂಪಿಯನ್ ರೀಫ್ಸ್ ಮೊದಲಾದ ಚಿನ್ನದ ಗಣಿಗಳಿಗೆ ಬಹುಕಾಲ ನೀರನ್ನೊದಗಿಸಿದುದು ಬೇತಮಂಗಲದ ಕೆರೆ. ಗಣಿಗಳು ೨೦೦೧ರಲ್ಲಿ ಮುಚ್ಚಿದುವು. ಕೆರೆಗಳ ಅವಶ್ಯಕತೆಯು ಮಾತ್ರ ತೀರಲಿಲ್ಲ. ಕೋಲಾರ ಸೀಮೆಯ ಅನೇಕ ಕೆರೆಯಂಗಳಗಳಲ್ಲಿ ಈಗ ಹೊರದೇಶದಿಂದ ಬಂದ ಬಳ್ಳಾರಿ ಜಾಲಿಯು ಹಬ್ಬಿಕೊಂಡಿರುವುದು. ದನ, ಮೇಕೆಗಳು ಅದರ ಕಾಯಿಗಳನ್ನು ತಿನ್ನುವುದರಿಂದ ಬೀಜಗಳು ಸಗಣಿ, ಹಿಕ್ಕೆಗಳ ಮೂಲಕ ಹೊಲಗಳನ್ನೂ ಸೇರುವುವು. ಕೊಂಬೆಗಳನ್ನು ಮಾತ್ರ ಕಡಿದರೆ ಬುಡವು ಪುನಃ ಚಿಗುರುವುದು. ಆದುದರಿಂದ ಕಾಯಿ ಬಲಿಯುವುದಕ್ಕೆ ಮುಂಚೆ ಗ್ರಾಮಸ್ಥರೆಲ್ಲರೂ ಕೂಡಿ ಬುಡಸಹಿತ ಅಗೆದು ತೆಗೆಯತಕ್ಕದ್ದು.

ಏರಿಯ ಮೇಲಣ ಸಸಿಗಳನ್ನು ಎಳೆಯವಾಗಿರುವಾಗಲೇ ಕೀಳಬೇಕು. ಬಲಿತ ಬೇರು ಕೊಳೆತರೆ ಆ ಪೊಳ್ಳಿನಲ್ಲಿ ನೀರು ಸೋರಿ ಏರಿಯೇ ಒಡೆಯಬಹುದು. ಕೆರೆ ತುಂಬಿರುವಾಗ ಏರಿಯನ್ನು ಅಗೆಯಲಾಗದು. ಬೇಸಗೆಯಲ್ಲಿ ಅಗೆದು, ಗುಳಿಗೆ ಮಣ್ಣು ತುಂಬಿ, ಚೆನ್ನಾಗಿ ಗುದ್ದಿ ಗಟ್ಟಿಮಾಡಬೇಕು. ಸೌದೆಯಿಂದ ಬಂದ ಹಣವನ್ನು ತೂಬಿನ ದುರಸ್ತಿಗೆ ವಿನಿಯೋಗಿಸುವುದು ಯುಕ್ತ. ಒಂದು ವರ್ಷದ ಉದಾಸೀನವು ಹಲವು ವರ್ಷಗಳ ಕೆಲಸವನ್ನು ತಂದೊಡ್ಡುವುದೆಂಬುದನ್ನು ಊರಿನ ಮುಖಂಡರು ಮರೆಯಬಾರದು.