ಕ್ರಮವಿಧಿ ರಚನೆಯ ಕಲಿಕೆ ಮತ್ತು ಕನ್ನಡ ವ್ಯಾಕರಣ

ಗಣಕಯಂತ್ರವು ಮಾಡಬೇಕಾದ ಕೆಲಸವನ್ನು ಹಂತಹಂತವಾಗಿ ತಿಳಿಸುವ ಆದೇಶಗಳ ಸರಣಿಯೇ ಪ್ರೋಗ್ರಾಮ್ ಅಥವಾ ಕ್ರಮವಿಧಿ. ಮಕ್ಕಳು ತಾವು ರಚಿಸಿದ ಆಟ, ಕಥೆ, ಚಲಿಸುವ ಚಿತ್ರಗಳನ್ನು ಅಂತರಜಾಲದಲ್ಲಿ ಹಂಚಿಕೊಳ್ಳುತ್ತಲೇ ಇದರ ರಚನೆಯನ್ನು ಕಲಿಯಬಲ್ಲರೆಂಬ ನಿಲುವಿನಿಂದ ರೂಪುಗೊಂಡದ್ದು ‘ಸ್ಕ್ರ್ಯಾಚ್’. ಅಮೆರಿಕದ ಎಂ.ಐ.ಟಿ. ಮೀಡಿಯಾ ಲ್ಯಾಬ್‌ನಲ್ಲಿ ಮಿಚೆಲ್ ರೆಸ್ನಿಕ್ ಅವರ ತಂಡ ಸಿದ್ಧಪಡಿಸಿದ ಇದು 2007ರಲ್ಲಿ ಸಾರ್ವಜನಿಕರಿಗೆ ದೊರೆಯಿತು. ಇಲ್ಲಿ ಆದೇಶಗಳು ಬಣ್ಣದ ತುಂಡುಗಳ ರೂಪದಲ್ಲಿದ್ದು, ಮಕ್ಕಳು ಅವನ್ನು ಒಂದಕ್ಕೊಂದು ಜೋಡಿಸುತ್ತಾರೆ. ಹಂಚಿಕೊಂಡ ಕೃತಿಯನ್ನು ಯಾರು ಬೇಕಾದರೂ ಬಿಚ್ಚಿ ನೋಡಿ, ಮಾರ್ಪಡಿಸಿ, ಮತ್ತೆ ಪ್ರಕಟಿಸಬಹುದು. ಇದೇ ‘ರೀಮಿಕ್ಸ್’, ಅಂದರೆ ಮರುರಚನೆ.

ಈ ಚಿಂತನೆಯ ಮೂಲ 1967ರಲ್ಲಿ ಹುಟ್ಟಿದ ‘ಲೋಗೊ’ ಭಾಷೆಯಲ್ಲಿದೆ. ಅದರ ನಿರ್ಮಾತೃಗಳಲ್ಲೊಬ್ಬರಾದ ಸೇಮೂರ್ ಪೇಪರ್ಟ್, 1980ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಬ್ರೆಜಿಲಿನ ಸಾಂಬಾ ನೃತ್ಯಶಾಲೆಗಳನ್ನು ಆದರ್ಶ ಕಲಿಕೆಯ ತಾಣಗಳೆಂದು ಗುರುತಿಸಿದರು. ಅಲ್ಲಿ ನುರಿತವರೂ ಹೊಸಬರೂ ಒಟ್ಟಿಗೆ ಕುಣಿಯುತ್ತ ಕಲಿಯುತ್ತಾರೆ. ಮಂಟೇಸ್ವಾಮಿ ಕಾವ್ಯವನ್ನು ಹಾಡುವ ನೀಲಗಾರರ ಮೇಳಗಳನ್ನು ಬಲ್ಲ ಕನ್ನಡ ವಿದ್ವಾಂಸರಿಗೆ ಇದು ಅಪರಿಚಿತವೇನಲ್ಲ; ಹಿಮ್ಮೇಳದಲ್ಲಿ ದನಿಗೂಡಿಸುತ್ತಲೇ ಕಿರಿಯರು ಕಥನವನ್ನು ರೂಢಿಸಿಕೊಳ್ಳುತ್ತಾರೆ. ಮರುರಚನೆಯೂ ಇಂತಹದೇ ಅಭ್ಯಾಸ. ಹೆಚ್ಚು ಮರುರಚನೆ ಮಾಡುವ ಮಕ್ಕಳು ಹೆಚ್ಚು ಬಗೆಯ ಆದೇಶಗಳನ್ನು ಬಳಸುತ್ತಾರೆಂಬುದನ್ನು ಸಯಮಿಂದು ದಾಸ್‌ಗುಪ್ತ ಮತ್ತು ಸಂಗಡಿಗರ 2016ರ ಅಧ್ಯಯನ ತೋರಿಸಿತು.

ಕನ್ನಡದ ದೃಷ್ಟಿಯಿಂದ ಹೆಚ್ಚು ಮಹತ್ವದ್ದು ದಾಸ್‌ಗುಪ್ತ ಮತ್ತು ಬೆಂಜಮಿನ್ ಮಾಕೊ ಹಿಲ್ ಅವರ 2017ರ ಅಧ್ಯಯನ. ಐದು ದೇಶಗಳ ಹೊಸ ಕಲಿಕಾರ್ಥಿಗಳನ್ನು ಪರಿಶೀಲಿಸಿದ ಅವರು, ತಮ್ಮ ನಾಡಿನ ಭಾಷೆಯಲ್ಲಿ ಆದೇಶಗಳನ್ನು ಕಂಡವರು, ಅದೇ ದೇಶದಲ್ಲಿ ಇಂಗ್ಲಿಷಿನಲ್ಲಿ ಕಂಡವರಿಗಿಂತ ಬೇಗ ಹೊಸ ಪರಿಕಲ್ಪನೆಗಳನ್ನು ಬಳಸತೊಡಗುತ್ತಾರೆಂದು ಕಂಡುಕೊಂಡರು. ಹಾಗಾದರೆ ಆದೇಶಗಳ ಕನ್ನಡ ಹೇಗಿರಬೇಕು? ಇದು ಕೇವಲ ಪಾರಿಭಾಷಿಕ ಪದಗಳ ಪ್ರಶ್ನೆಯಲ್ಲ, ವಾಕ್ಯರಚನೆಯ ಪ್ರಶ್ನೆ. ಯು.ಬಿ. ಪವನಜ ಅವರು ಲೋಗೊವನ್ನು ಕನ್ನಡಕ್ಕೆ ಅಳವಡಿಸಿ ಇಂತಹ ಪ್ರಯತ್ನಕ್ಕೆ ಹಿಂದೆಯೇ ದಾರಿ ತೋರಿದ್ದಾರೆ.

ಮಂಡ್ಯ ತಾಲ್ಲೂಕಿನ ಕೊತ್ತತ್ತಿಯಂತಹ ಕಬ್ಬಿನ ಸೀಮೆಯ ಊರಿನ ವಿದ್ಯಾರ್ಥಿಯೊಬ್ಬ ಆಲೆಮನೆಯ ಕೆಲಸವನ್ನು ತೆರೆಯ ಮೇಲೆ ಚಿತ್ರಿಸುವುದನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ‘10 ಹೆಜ್ಜೆ ನಡೆ’ ಎಂಬ ಆದೇಶ ಸುಲಭ. ಇಂಗ್ಲಿಷಿನಲ್ಲಿ ಮೊದಲು ಬರುವ ಕ್ರಿಯಾಪದವನ್ನು ಅನುವಾದದಲ್ಲಿ ಕೊನೆಗೆ ಸರಿಸಲು ಸ್ಕ್ರ್ಯಾಚ್‌ನಲ್ಲಿ ಅವಕಾಶವಿದೆ. ತೊಡಕಿರುವುದು ಷರತ್ತಿನಲ್ಲಿ. ಆಲೆಮನೆಯಲ್ಲಿ ‘ಪಾಕ ಹದಕ್ಕೆ ಬಂದರೆ ಅಚ್ಚಿಗೆ ಹುಯ್ಯಿ’ ಎನ್ನುತ್ತಾರೆ. ಇಲ್ಲಿ ಷರತ್ತನ್ನು ಸೂಚಿಸುವ ‘ಅರೆ’ ಪ್ರತ್ಯಯ ಕ್ರಿಯಾಪದದಲ್ಲಿ ಬೆರೆತಿದೆ. ಸ್ಕ್ರ್ಯಾಚ್‌ನಲ್ಲಾದರೋ ಷರತ್ತು ಬೇರೆಯೇ ತುಂಡು. ಅದೇ ತುಂಡು ‘ಇಫ್’ ಜೊತೆಗೂ ‘ವೇಟ್ ಅಂಟಿಲ್’ ಜೊತೆಗೂ ರೂಪ ಬದಲಿಸದೆ ಕೂಡಬೇಕು. ಆದ್ದರಿಂದ ‘ಪಾಕ ಹದಕ್ಕೆ ಬಂದಿದೆ’ ಎಂಬ ಪೂರ್ಣವಾಕ್ಯಕ್ಕೆ ಒಮ್ಮೆ ‘ಎಂದಾದರೆ’, ಇನ್ನೊಮ್ಮೆ ‘ಎಂದಾಗುವವರೆಗೆ ಕಾದಿರು’ ಎಂದು ಸೇರಿಸಬೇಕಾಗುತ್ತದೆ. ವಿಭಕ್ತಿಯ ಸಮಸ್ಯೆಯೂ ಇಂತಹದೇ. ವಿದ್ಯಾರ್ಥಿಯು ಎಣಿಕೆಯೊಂದಕ್ಕೆ ‘ಬೆಲ್ಲ’ ಎಂದು ಹೆಸರಿಟ್ಟರೆ ಯಂತ್ರವು ಅದನ್ನು ‘ಬೆಲ್ಲಕ್ಕೆ’ ಎಂದು ಮಾರ್ಪಡಿಸದು. ‘ಬೆಲ್ಲ ಎಂಬುದಕ್ಕೆ 1 ಕೂಡಿಸು’ ಎನ್ನಬೇಕು. ಎರಡೂ ಕಡೆ ನೆರವಿಗೆ ಬರುವುದು ಕನ್ನಡದ ‘ಎನ್ನು’ ಧಾತುವಿನ ‘ಎಂದು’, ‘ಎಂಬ’ ರೂಪಗಳು. ಕನ್ನಡದ ಜಾಯಮಾನವನ್ನು ಬಲ್ಲವರಿಲ್ಲದೆ ಇಂತಹ ಅನುವಾದ ಸರಿಯಾಗಿ ನಡೆಯಲಾರದು.

ಸ್ಕ್ರ್ಯಾಚ್ ಆದೇಶಗಳನ್ನು ಪದಗಳಾಗಿ ಉಳಿಸಿಡದೆ ಸಂಕೇತಗಳಾಗಿ ಉಳಿಸಿಡುತ್ತದೆ. ಹೀಗಾಗಿ ಒಂದು ಭಾಷೆಯಲ್ಲಿ ಜೋಡಿಸಿದ ಆದೇಶಗಳನ್ನು, ಅನುವಾದವಿರುವ ಬೇರೊಂದು ಭಾಷೆಯಲ್ಲಿಯೂ ಓದಬಹುದು. ಆದರೆ ಮಕ್ಕಳು ಇಟ್ಟ ಹೆಸರು, ಬರೆದ ವಿವರಣೆ, ನೀಡಿದ ಪ್ರತಿಕ್ರಿಯೆ ಮೂಲಭಾಷೆಯಲ್ಲೇ ಉಳಿಯುತ್ತವೆ. ಮರುರಚನೆಯಲ್ಲಿ ಮೂಲಕರ್ತೃವಿನ ಹೆಸರನ್ನು ಯಂತ್ರವೇ ತೋರಿಸುವುದಾದರೂ, ಮನುಷ್ಯರು ತಾವಾಗಿ ಬರೆದ ಕೃತಜ್ಞತೆಗೆ ಮಕ್ಕಳು ಹೆಚ್ಚು ಬೆಲೆ ಕೊಡುತ್ತಾರೆಂದು ಆಂಡ್ರೆಸ್ ಮನ್ರಾಯ್ ಹೆರ್ನಾಂಡೆಸ್ ಮತ್ತು ಸಂಗಡಿಗರು 2011ರಲ್ಲಿ ತೋರಿಸಿದರು. ಹಂಚಿಕೆಯ ಜೀವಾಳ ಈ ಮಾತುಕತೆಯಲ್ಲಿದೆ. ಆದೇಶಗಳಷ್ಟೇ ಕನ್ನಡಕ್ಕೆ ಬಂದು ಮಾತುಕತೆ ಇಂಗ್ಲಿಷಿನಲ್ಲಿಯೇ ನಡೆದರೆ ಕೊತ್ತತ್ತಿಯಂತಹ ಊರಿನ ಮಕ್ಕಳು ಪರರ ಕೃತಿಗಳ ನೋಡುಗರಾಗಿ ಉಳಿಯುವ ಸಂಭವವೇ ಹೆಚ್ಚು. ಒಂದೇ ಕೃತಿಯನ್ನು ತಿದ್ದಿ, ಬೆಳೆಸಿ, ಕನ್ನಡದಲ್ಲಿ ಚರ್ಚಿಸುವ ಕೆಲವೇ ಮಕ್ಕಳ ಗುಂಪು ಶಾಲೆಯಲ್ಲಿದ್ದರೂ ಅವರು ಕರ್ತೃಗಳಾಗುತ್ತಾರೆ. ಅವರಿಗೆ ಬೇಕಾದ ಆದೇಶವಾಕ್ಯಗಳನ್ನು ರೂಪಿಸಿಕೊಡುವುದು ಕನ್ನಡ ವಿಭಾಗಗಳು ಕೈಗೊಳ್ಳಬಹುದಾದ ಕೆಲಸ.